ಹಿಂದಿನ ಬಲಗಾಲಿನ ಲಾಳ

ತೀರ್ಪುಗಾರರ ವಿಷಯ ಬಂದರೆ ಐಟಾ ಮಲ್ಕಾಹಿಯ ಬಾಯಿಗೆ ಬೀಗವಿಲ್ಲ ಎಂದು ಲಿಮರಿಕ್ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿರಲಿ, ನನಗೇನು. ಒಂದು ಎಳೆಯ ಕುದುರೆಯ ಹಿಂದೆ ನಾನು ವರ್ಷವಿಡೀ ಜೀವ ತೇಯುತ್ತೇನೆ. ಬೆನ್ನ ಮೇಲೆ ಎಲೆ ಬಿದ್ದರೂ ಬೆಚ್ಚುವ ಪ್ರಾಣಿಗೆ ಜೀನು ಹೊರುವುದು, ಲಗಾಮಿನ ಮಾತು ಕೇಳುವುದು, ನಾಲ್ಕು ಜನರೆದುರು ಮರ್ಯಾದೆಯಿಂದ ನಿಲ್ಲುವುದು, ಎಲ್ಲವನ್ನೂ ಕಲಿಸುತ್ತೇನೆ. ಅಷ್ಟಾದ ಮೇಲೆ ಯಾರೋ ಒಬ್ಬರು ಟೋಪಿ ಹಾಕಿಕೊಂಡು ಬಂದು ನನ್ನ ಕುದುರೆಯನ್ನು ಸಾಲಿನ ತುದಿಗೆ ಕಳಿಸಿದರೆ ನಾನು ಬಾಯಿ ಮುಚ್ಚಿಕೊಂಡು ಇರುವವಳಲ್ಲ.

ನಮ್ಮ ಹಂಟರ್ ಕುದುರೆಗಳ ಸ್ಪರ್ಧೆಯಲ್ಲಿ ಯಾರು ಮುಂದೆ ಓಡಿದರು, ಎಷ್ಟೆತ್ತರ ಹಾರಿದರು ಎಂದು ನೋಡುವುದಿಲ್ಲ. ದಿನವಿಡೀ ಬೇಟೆಗೆ ಹೋದವರನ್ನು ಸೊಂಟ ನೋಯಿಸದೆ ಮನೆಗೆ ತಂದು ಮುಟ್ಟಿಸುವ ಕುದುರೆಯೇ ಎಂದಷ್ಟೇ ನೋಡುತ್ತಾರೆ. ಅದನ್ನು ದೂರದಿಂದ ನೋಡಿ ಹೇಳಲಾಗದು, ಹತ್ತಿ ಕೂತೇ ಹೇಳಬೇಕು. ಹಾಗಾಗಿ ಮೊದಲು ನಾವು ಓಡಿಸಿ ತೋರಿಸುತ್ತೇವೆ, ಆಮೇಲೆ ಸಾಲಾಗಿ ನಿಂತು ಇಳಿಯುತ್ತೇವೆ. ತೀರ್ಪುಗಾರರು ಒಂದೊಂದೇ ಕುದುರೆಯನ್ನು ಹತ್ತಿ ಎರಡು ಸುತ್ತು ಹೋಗಿ ಬರುತ್ತಾರೆ. ಕುದುರೆಯ ಜೀವನದಲ್ಲಿ ಎಂದೂ ಕಾಣದ ಒಬ್ಬರು ಬೆನ್ನ ಮೇಲೆ ಕೂತ ಆ ಎರಡು ಸುತ್ತಿನಲ್ಲಿ ನಮ್ಮ ಇಡೀ ವರ್ಷದ ಹಣೆಬರಹ ತೀರ್ಮಾನವಾಗುತ್ತದೆ.

ಮೂರು ವರ್ಷದಿಂದ ಆ ಹಣೆಬರಹ ಒಂದೇ ತರಹ ಇತ್ತು. ನನ್ನ ಕೆಳಗೆ ಬೆಣ್ಣೆಯಂತೆ ಹೋಗುವ ಕುದುರೆ ತೀರ್ಪುಗಾರರು ಹತ್ತಿದ ಕೂಡಲೇ ಬಾಲ ಬೀಸುತ್ತಿತ್ತು, ತಲೆ ಓರೆ ಮಾಡುತ್ತಿತ್ತು, ದಾರಿ ಬಿಟ್ಟು ವಾಲುತ್ತಿತ್ತು. ಒಬ್ಬರು ದಪ್ಪ, ಒಬ್ಬರ ಕೈ ಒರಟು, ಇನ್ನೊಬ್ಬರಿಗೆ ಕಣ್ಣೇ ಕಾಣಿಸದು ಎಂದು ನಾನು ಎಲ್ಲರಿಗೂ ಒಂದೊಂದು ಹೆಸರಿಟ್ಟೆ.

ನಾನು ಇರುವುದು ಮಿಸೆಸ್ ಓಡೆಲ್ ಅವರ ಲಾಯದಲ್ಲಿ. ಇರುವುದು ಎಂದರೆ ನಿಜಕ್ಕೂ ಅಲ್ಲೇ ಇರುವುದು. ಜೀನು ಇಡುವ ಕೋಣೆಯ ಮೇಲೆ ಎರಡು ಕೋಣೆ, ಒಂದು ಒಲೆ, ಅಂಗಳಕ್ಕೆ ತೆರೆಯುವ ಒಂದು ಕಿಟಕಿ. ಇಪ್ಪತ್ತೆರಡು ವರ್ಷದಿಂದ ಅದೇ ನನ್ನ ಮನೆ. ಗಂಡ ಮಕ್ಕಳು ಯಾರೂ ಇಲ್ಲ. ಕೆಳಗೆ ಕುದುರೆಗಳು ಹುಲ್ಲು ಅಗಿಯುವ ಸದ್ದು ಕೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಫೆಬ್ರವರಿಯಲ್ಲಿ ಮಿಸೆಸ್ ಓಡೆಲ್ ನನ್ನನ್ನು ಅಡುಗೆಮನೆಗೆ ಕರೆದು ಟೀ ಕೊಟ್ಟು, ದ್ರಾಕ್ಷಿ ಬ್ರೆಡ್ಡಿಗೆ ತಾವೇ ಬೆಣ್ಣೆ ಸವರಿದರು. ಅವರು ಬೆಣ್ಣೆ ಸವರಿದರೆ ಕೆಟ್ಟ ಸುದ್ದಿ ಇದೆಯೆಂದೇ ಅರ್ಥ. ಮೂರು ವರ್ಷದಿಂದ ನಮ್ಮ ಲಾಯಕ್ಕೆ ಬಹುಮಾನದ ಒಂದು ರಿಬ್ಬನ್ನೂ ಬಂದಿಲ್ಲ, ಕುದುರೆ ಕೊಳ್ಳುವವರು ಇತ್ತ ತಲೆ ಹಾಕುತ್ತಿಲ್ಲ ಎಂದರು. ಆಗಸ್ಟಿನಲ್ಲಿ ಡಬ್ಲಿನ್ ಪ್ರದರ್ಶನದಲ್ಲಿ ಪಿಲಿಬೀನ್‌ಗೂ ಸ್ಥಾನ ಸಿಗದಿದ್ದರೆ ಲಾಯ ಮುಚ್ಚಿ, ಹೊಲವನ್ನು ಪಕ್ಕದ ಹೈನುಗಾರನಿಗೆ ಬಿಡುವುದು ಎಂದರು. ಹೇಳುವಾಗ ಅವರ ಮುಖವೂ ಸಣ್ಣಗಾಗಿತ್ತು. ನಾನು ಬ್ರೆಡ್ ತಿಂದು, ಸ್ಥಾನ ಬಂದೇ ಬರುತ್ತದೆ ಎಂದು ಹೇಳಿ ಎದ್ದು ಬಂದೆ. 

ಪಿಲಿಬೀನ್ ಎಂದರೆ ನಮ್ಮ ಐರಿಷ್ ಮಾತಿನಲ್ಲಿ ಟಿಟ್ಟಿಭ ಹಕ್ಕಿ. ನಾಲ್ಕು ವರ್ಷದ ಕಂದು ಹೆಣ್ಣುಕುದುರೆ, ಹಣೆಯಲ್ಲಿ ಕಾಸಿನಗಲ ಬಿಳಿ. ಕ್ಲೇರ್ ಕಡೆಯ ಒಬ್ಬ ರೈತನ ಹಿತ್ತಲಿನಿಂದ ತಂದದ್ದು. ಇಂಥ ನಡಿಗೆ, ಇಂಥ ಭುಜ ನನ್ನ ಕೈಗೆ ಹಿಂದೆ ಬಂದಿರಲಿಲ್ಲ. ಅವಳನ್ನು ಕಂಡರೆ ನನಗೆ ಹೊಟ್ಟೆ ತುಂಬುತ್ತಿತ್ತು. ಅವಳನ್ನು ಬೇರೆ ಯಾರೂ ಮುಟ್ಟಕೂಡದೆಂದು ಜೀನು ಹಾಕುವುದರಿಂದ ಜೂಲು ಹೆಣೆಯುವವರೆಗೆ ಎಲ್ಲ ನಾನೇ ಮಾಡುತ್ತಿದ್ದೆ.

ಜೂನ್ ತಿಂಗಳಲ್ಲಿ ಡಬ್ಲಿನ್‌ಗೆ ಮುಂಚೆ ಒಮ್ಮೆ ಜನ ನೋಡಲಿ ಎಂದು ಹತ್ತಿರದ ಒಂದು ಸಣ್ಣ ಪ್ರದರ್ಶನಕ್ಕೆ ಕರೆದುಕೊಂಡು ಹೋದೆ. ನಾನು ಓಡಿಸಿದಾಗ ಬೇಲಿಯ ಹೊರಗಿದ್ದವರು ಮಾತು ನಿಲ್ಲಿಸಿ ನೋಡಿದರು. ಆಮೇಲೆ ತೀರ್ಪುಗಾರ ಹತ್ತಿದ. ಕ್ಯಾಪ್ಟನ್ ಥ್ರಿಂಗ್ ಎಂಬ ತೆಳ್ಳನೆಯ ಮನುಷ್ಯ, ಕೈಯೂ ಮೃದು, ಹೆಸರಿಡಲು ನನಗೆ ಏನೂ ಸಿಗಲಿಲ್ಲ. ಆದರೂ ಪಿಲಿಬೀನ್ ಹತ್ತು ಹೆಜ್ಜೆಗೇ ವಾಲಿದಳು. ತಿರುವಿನಲ್ಲಿ ಹೊರಕ್ಕೆ ಜಾರಿದಳು, ಕಿವಿ ಹಿಂದೆ ಮಾಡಿದಳು. ಹನ್ನೊಂದು ಕುದುರೆಗಳಲ್ಲಿ ಹತ್ತನೆಯದಾಗಿ ನಿಲ್ಲಿಸಿದರು.

ಕ್ಯಾಪ್ಟನ್ ಲಗಾಮು ಕೊಡುವಾಗ, "ಒಳ್ಳೆ ಕುದುರೆ. ಆದ್ರೆ ನಾನು ಕೂತಿದ್ದಷ್ಟು ಹೊತ್ತೂ ಏನೋ ಹುಡುಕ್ತಾ ಇತ್ತು," ಎಂದ.

"ನೀವು ಯಾವಾಗ ಇಳೀತೀರಿ ಅಂತ ಹುಡುಕ್ತಾ ಇತ್ತೇನೋ," ಎಂದೆ.

ಆ ಮಾತು ನಾನು ಮನೆ ಮುಟ್ಟುವ ಮೊದಲೇ ಮಿಸೆಸ್ ಓಡೆಲ್ ಅವರ ಕಿವಿ ಮುಟ್ಟಿತ್ತು.

ಮುಂದಿನ ಮಂಗಳವಾರ ಲಾಳ ಕಟ್ಟುವ ಡಿನ್ನಿ ಟೂಹಿ ಬಂದ. ಆರು ವಾರಕ್ಕೊಮ್ಮೆ ಬರುತ್ತಾನೆ. ಅರವತ್ತರ ಬೋಳುತಲೆಯವನು, ಬೆನ್ನು ಬಾಗಿಸಿ ಬಾಗಿಸಿ ನೆಟ್ಟಗೆ ನಿಲ್ಲುವುದನ್ನೇ ಮರೆತವನು. ಇಡೀ ಜಿಲ್ಲೆಯಲ್ಲಿ ನನ್ನ ಬೈಗುಳಕ್ಕೆ ನಗುವವನು ಅವನೊಬ್ಬನೇ. ನಾನು ಪಿಲಿಬೀನ್‌ಳ ತಲೆ ಹಿಡಿದುಕೊಂಡು ಕ್ಯಾಪ್ಟನ್‌ನ ವಂಶವನ್ನೆಲ್ಲ ಜಾಲಾಡುತ್ತಿದ್ದೆ. ಡಿನ್ನಿ ಹಿಂದಿನ ಬಲಗಾಲಿನ ಲಾಳ ಕಿತ್ತು, ಅದನ್ನು ಬೆಳಕಿಗೆ ಹಿಡಿದು ನೋಡಿದ. ಅವತ್ತು ನಗಲಿಲ್ಲ. ಕುದುರೆಯನ್ನು ಕಟ್ಟಿ ಗೋಡೆಯ ಹತ್ತಿರ ಬಾ ಎಂದ.

ಜೀನಿನ ಕೋಣೆಯ ಗೋಡೆಯಲ್ಲಿ ನಮ್ಮ ಲಾಯದಿಂದ ಮಾರಿಹೋದ ಪ್ರತಿ ಕುದುರೆಯ ಒಂದು ಲಾಳ ತೂಗುತ್ತದೆ. ಅದೂ ಹಿಂದಿನ ಬಲಗಾಲಿನದೇ. ಮಿಸ್ಟರ್ ಓಡೆಲ್ ತೀರಿಕೊಳ್ಳುವ ಎಷ್ಟೋ ಮೊದಲು ಮಾಡಿದ ಪದ್ಧತಿ ಅದು. ಬಲಗಾಲೇ ಯಾಕೆಂದು ಯಾರಿಗೂ ಗೊತ್ತಿಲ್ಲ. ಡಿನ್ನಿ ಎಡತುದಿಯಿಂದ ಎರಡು, ಬಲತುದಿಯಿಂದ ಐದಾರು ಲಾಳ ಇಳಿಸಿ ನನ್ನ ಮುಂದೆ ಬೆಂಚಿನ ಮೇಲೆ ಇಟ್ಟ.

"ಇವೆರಡು ನೀನು ಬೀಳೋಕ್ ಮುಂಚಿನವು. ಇವು ಆಮೇಲಿನವು. ಬೆರಳಿಟ್ಟು ನೋಡು."

ನೋಡಿದೆ. ಮೊದಲ ಎರಡು ಲಾಳ ಸುತ್ತಲೂ ಒಂದೇ ಸಮ ತೇದಿದ್ದವು. ಉಳಿದವೆಲ್ಲ ಹೊರಅಂಚಿನಲ್ಲಿ ಸವೆದು ಚೂರಿಯಂತಾಗಿದ್ದವು. ವರ್ಷ ಹೋದಂತೆ ಸವೆತ ಹೆಚ್ಚುತ್ತ ಬಂದಿತ್ತು, ಈಗ ತಾನೇ ಕಿತ್ತ ಪಿಲಿಬೀನ್‌ಳದ್ದು ಎಲ್ಲಕ್ಕಿಂತ ಹೆಚ್ಚು.

"ಕುದುರೆ ಬೇರೆ ಬೇರೆ ಐಟಾ, ತೇದಿರೋ ಜಾಗ ಒಂದೇ," ಎಂದ ಡಿನ್ನಿ. "ಅಷ್ಟೂ ಕುದುರೆಗೆ ಒಂದೇ ಕಾಲು ಸೊಟ್ಟ ಇರೋಕಾಗಲ್ಲ ಮಾರಾಯ್ತಿ. ನೀನು ಬಲಕ್ಕೆ ಕೂರ್ತೀಯ. ಅವು ನಿನ್ನನ್ನ ಬೀಳಿಸಬಾರದು ಅಂತ ಆ ಕಾಲಲ್ಲಿ ಒತ್ತಿ ಹಿಡ್ಕೊಂಡು ನಡೀತವೆ. ನೆಟ್ಟಗೆ ಕೂರೋರು ಬಂದ್ರೆ ಅವಕ್ಕೆ ತಲೆಬುಡ ಗೊತ್ತಾಗಲ್ಲ."

ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ. ಹತ್ತು ವರ್ಷ ಆಯಿತೇನೋ ಎಂದ.

"ಹತ್ತು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಮೊಳೆ ಇಟ್ಕೊಂಡಿದ್ದೆ, ಇನ್ನೇನು," ಎಂದವನು ಸುತ್ತಿಗೆ ಕೆಳಗಿಟ್ಟು, "ಆಸ್ಪತ್ರೆಯಿಂದ ಬಂದು ನೀನು ಮತ್ತೆ ಕುದುರೆ ಹತ್ತಿದ ದಿನ ನಾನು ಇಲ್ಲೇ ಇದ್ದೆ. ನಿನ್ನ ಮುಖ ನೋಡಿದ್ದೆ. ಹೆಂಗ್ ಹೇಳ್ಲಿ?" ಎಂದ.

ಮೈಯೆಲ್ಲ ಉರಿದುಹೋಯಿತು. ಅವನ ಸುತ್ತಿಗೆ, ಇಕ್ಕಳ ಎಲ್ಲ ಎತ್ತಿ ಅವನ ಗಾಡಿಯೊಳಗೆ ಎಸೆದು, ಇನ್ನೊಮ್ಮೆ ಈ ಅಂಗಳಕ್ಕೆ ಕಾಲಿಟ್ಟರೆ ನೋಡು ಎಂದು ಅಟ್ಟಿಬಿಟ್ಟೆ. ಅವನು ಹೋದ ಮೇಲೆ ನೋಡಿದರೆ ಪಿಲಿಬೀನ್ ಮೂರು ಲಾಳದ ಮೇಲೆ ನಿಂತಿದ್ದಾಳೆ.

ಬಿದ್ದದ್ದು ಹನ್ನೊಂದು ವರ್ಷದ ಹಿಂದೆ, ಒಂದು ನವೆಂಬರಿನಲ್ಲಿ. ಮಣ್ಣಿನ ಏರಿ ಹಾರುವಾಗ ಕುದುರೆ ಮಗುಚಿ ನನ್ನ ಮೇಲೆ ಬಿತ್ತು. ಸೊಂಟದ ಮೂಳೆ ಮುರಿದು, ಕೂಡಿಕೊಳ್ಳುವಾಗ ಸೊಟ್ಟಗೆ ಕೂಡಿಕೊಂಡಿತು. ಎಡಗಾಲು ಒಂದು ಬೆರಳಿನಷ್ಟು ಗಿಡ್ಡವಾಯಿತು. ಇನ್ನು ಸವಾರಿ ಬೇಡ ಎಂದರು ಡಾಕ್ಟರು. ನಾಲ್ಕೇ ತಿಂಗಳಲ್ಲಿ ಹತ್ತಿ ಕೂತೆ. ಎಡಗಾಲು ಇಡುವ ರಿಕಾಪಿನ ಪಟ್ಟಿಯನ್ನು ಎರಡು ತೂತು ಮೇಲೆ ಹಾಕಿಕೊಂಡೆ, ಯಾರಾದರೂ ಕೇಳಿದರೆ ಚರ್ಮ ಹಿಗ್ಗಿದೆ ಎನ್ನುತ್ತಿದ್ದೆ. ಬೀಳುವುದಕ್ಕೆ ಮುಂಚೆ, ಎಳೆಯ ಕುದುರೆಗಳನ್ನು ಪ್ರದರ್ಶನಕ್ಕೆ ಒಯ್ಯುವ ಎರಡು ತಿಂಗಳು ಮೊದಲಿನಿಂದಲೇ ಅಂಗಳಕ್ಕೆ ಬಂದವರನ್ನೆಲ್ಲ ಅವುಗಳ ಮೇಲೆ ಕೂರಿಸುತ್ತಿದ್ದೆ. ದನದ ಡಾಕ್ಟರು, ಅಂಚೆಯವಳು, ಒಮ್ಮೆ ಪಾದ್ರಿಗಳೂ ಕೂತಿದ್ದರು. ತೀರ್ಪುಗಾರರು ಹತ್ತಿದಾಗ ಕುದುರೆಗೆ ಹೊಸದೆನಿಸಬಾರದೆಂದು ಈ ಕಸುಬಿನವರೆಲ್ಲ ಮಾಡುವ ಕೆಲಸ ಅದು. ಬಿದ್ದ ಮೇಲೆ ನಿಲ್ಲಿಸಿದೆ. ಕಂಡಕಂಡವರು ಕೂತರೆ ಕುದುರೆಯ ಬಾಯಿ ಕೆಡುತ್ತದೆ ಎಂದು ಹೇಳಿಕೊಂಡು ತಿರುಗಿದೆ.

ನಿಜ ಅದಲ್ಲ. ಮತ್ತೆ ಸವಾರಿ ಶುರುಮಾಡಿದ ವರ್ಷ ಒಂದು ಕುದುರೆಯ ಮೇಲೆ ಅಂಚೆಯವಳನ್ನು ಕೂರಿಸಿದ್ದೆ. ಇಳಿದವಳು, ಇದು ಯಾಕೋ ಒಂದು ಕಡೆ ಎಳೆಯುತ್ತದೆ ಎಂದಳು. ಆಮೇಲೆ ನಾನು ಯಾರನ್ನೂ ಹತ್ತಲು ಬಿಡಲಿಲ್ಲ. ಅಂದರೆ ನನಗೆ ಗೊತ್ತಿತ್ತು. ಎಲ್ಲೋ ಮನಸ್ಸಿನ ಮೂಲೆಯಲ್ಲಿ ಗೊತ್ತೇ ಇತ್ತು. ಮೂವತ್ತಕ್ಕೂ ಹೆಚ್ಚು ಕುದುರೆಗಳು, ಪಾಪ, ನನ್ನ ಸೊಟ್ಟವನ್ನು ಹೊತ್ತುಕೊಂಡು ಊರೂರಿಗೆ ಹೋಗಿ ಬೈಸಿಕೊಂಡವು. ಅವು ಬಾಯಿಲ್ಲದವು, ದೂರು ಹೇಳಲಿಲ್ಲ. ಬೆಂಚಿನ ಮೇಲೆ ಲಾಳಗಳ ಪಕ್ಕ ಕೂತು ಅವತ್ತು ನಾಚಿಕೆಯಿಂದ ಅತ್ತೆ.

ಡಬ್ಲಿನ್‌ಗೆ ಏಳು ವಾರ ಇತ್ತು. ಪಿಲಿಬೀನ್‌ಳನ್ನು ಸರಿಮಾಡಬೇಕಾದರೆ ದಿನಾ ನೆಟ್ಟಗೆ ಕೂರುವವರೊಬ್ಬರು ಬೇಕು, ಅದೂ ಎಳೆಯ ಕುದುರೆಯನ್ನು ಬಲ್ಲವರು. ನಮ್ಮ ಸುತ್ತಿನಲ್ಲಿ ಮಿಸೆಸ್ ಓಡೆಲ್ ಅವರಷ್ಟು ನೆಟ್ಟಗೆ ಕೂರುವವರನ್ನು ನಾನು ಕಂಡಿಲ್ಲ. ಅವರಿಗೆ ಅರವತ್ತೆಂಟು, ಗಂಡ ಹೋದ ಮೇಲೆ ಒಂಬತ್ತು ವರ್ಷದಿಂದ ಕುದುರೆ ಹತ್ತಿಲ್ಲ. ಅವರನ್ನು ಕೇಳಬೇಕಾದರೆ ಯಾಕೆಂದು ಹೇಳಬೇಕು. ಹೇಳಿದರೆ, ಈ ಲಾಯ ಹಾಳಾದದ್ದು ತೀರ್ಪುಗಾರರಿಂದಲ್ಲ, ನನ್ನಿಂದ ಎಂದು ನಾನೇ ಬರೆದುಕೊಟ್ಟ ಹಾಗೆ. ಡಬ್ಲಿನ್‌ವರೆಗೂ ಕಾಯಬೇಕಾಗಿಲ್ಲ, ಅವತ್ತೇ ಗಂಟುಮೂಟೆ ಕಟ್ಟು ಎನ್ನಬಹುದು. ಎರಡು ದಿನ ಅವರ ಮನೆಯ ಬಾಗಿಲವರೆಗೆ ಹೋಗಿ ಹೋಗಿ ಹಿಂದೆ ಬಂದೆ. ಮೂರನೆಯ ದಿನ ಒಂದು ಲಾಳ ಕೈಯಲ್ಲಿ ಹಿಡಿದು ಒಳಗೆ ಹೋದೆ.

ಅವರು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ, ಪಟ್ಟಿಯ ಎರಡು ತೂತಿನ ವಿಷಯವನ್ನೂ ಬಿಡಲಿಲ್ಲ. ಅವರು ಲಾಳವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನೀನಾಗೇ ಹೇಳದೆ ಇದ್ದಿದ್ರೆ ನಂಗೆ ಯಾವತ್ತಾದ್ರೂ ಗೊತ್ತಾಗ್ತಿತ್ತಾ, ಐಟಾ?"

"ಇಲ್ಲ ಮಿಸೆಸ್ ಓಡೆಲ್. ನಿಮಗೆ ಗೊತ್ತಾಗ್ತಿರ್ಲಿಲ್ಲ."

ಅವರು ಚಾಕು ಕೆಳಗಿಟ್ಟು ಕೈ ಒರೆಸಿಕೊಂಡರು. 

"ನಾಳೆ ಎಷ್ಟೊತ್ತಿಗೆ ಬರ್ಲಿ?" ಎಂದರು.

ಡಿನ್ನಿಗೆ ಫೋನ್ ಮಾಡಿ ನಾಲ್ಕನೆಯ ಲಾಳ ಬಾಕಿಯಿದೆ ಎಂದಷ್ಟೇ ಹೇಳಿದೆ. ಬಂದ, ಕಟ್ಟಿದ. ನಾನು ಟೀ ಕೊಟ್ಟೆ, ಕೇಳದೆಯೇ ಮೂರು ಚಮಚ ಸಕ್ಕರೆ ಹಾಕಿದೆ. ನಮ್ಮಿಬ್ಬರ ನಡುವೆ ಕ್ಷಮೆ ಕೇಳುವುದು ಅಷ್ಟರಲ್ಲೇ ಮುಗಿಯಿತು.

ಮಿಸೆಸ್ ಓಡೆಲ್ ಬೆಳಿಗ್ಗೆ ಏಳಕ್ಕೆ ಗಂಡನ ಹಳೆಯ ಸವಾರಿ ಪ್ಯಾಂಟು ಹಾಕಿ, ಸೊಂಟಕ್ಕೆ ಹುಲ್ಲು ಕಟ್ಟುವ ಹುರಿ ಬಿಗಿದುಕೊಂಡು ಬಂದರು. ಹತ್ತುವಾಗ ಮಂಡಿ ಲಟಲಟ ಎಂದಿತು. ಕೂತ ಮೇಲೆ ಮಾತ್ರ ನೋಡಬೇಕು, ಗೋಡೆಗೆ ನೂಲು ಹಿಡಿದ ಹಾಗೆ. ಪಿಲಿಬೀನ್ ಎರಡು ದಿನ ಅವರನ್ನು ಬೇಲಿಗೆ ಉಜ್ಜಿದಳು, ಹುಲ್ಲಿನ ಮೆದೆಗೆ ನುಗ್ಗಿಸಿದಳು. ನಾನು ಹೊಲದ ನಡುವೆ ನಿಂತು ಕೂಗುತ್ತಿದ್ದೆ. ನನ್ನ ಮನೆಯಲ್ಲಿ ನನಗೆ ಯಾರೂ ಹೀಗೆ ಬೈದಿಲ್ಲ ಎಂದರು ಮಿಸೆಸ್ ಓಡೆಲ್. ಈಗ ನೀವು ಮನೆಯಲ್ಲಿಲ್ಲ, ಮೊಣಕೈ ಒಳಗಿರಲಿ ಎಂದೆ.

ಇಷ್ಟು ವರ್ಷ ನಾನು ಕುದುರೆಯನ್ನು ಎರಡು ಕಿವಿಗಳ ನಡುವಿನಿಂದ ನೋಡಿದವಳು. ನೆಲದ ಮೇಲೆ ನಿಂತು ನೋಡಿದಾಗ ಅದುವರೆಗೆ ಕಾಣದ್ದೆಲ್ಲ ಕಂಡಿತು. ಯಾವ ಹೆಜ್ಜೆಯಲ್ಲಿ ಅವಳು ಬೆನ್ನು ಬಿಗಿಯುತ್ತಾಳೆ, ಬಿಗಿಯುವ ಒಂದು ಕ್ಷಣ ಮುಂಚೆ ಕುತ್ತಿಗೆಯಲ್ಲಿ ಏನಾಗುತ್ತದೆ, ಯಾವಾಗ ಹೇಳಿದರೆ ಕೇಳುತ್ತಾಳೆ. ನಾನು ಹೇಳಿದಂತೆ ಮಿಸೆಸ್ ಓಡೆಲ್ ಮಾಡುತ್ತಿದ್ದರು, ಅವರು ಮಾಡಿದಂತೆ ಕುದುರೆ ಕಲಿಯುತ್ತಿತ್ತು. ಮೂರನೆಯ ವಾರದಿಂದ ಡಿನ್ನಿಯನ್ನು, ದನದ ಡಾಕ್ಟರನ್ನು, ಅಂಚೆಯವಳನ್ನು ಮತ್ತೆ ಹತ್ತಿಸಿದೆ. ಡಿನ್ನಿ ಕೂತದ್ದು ಅಕ್ಕಿಮೂಟೆ ಇಟ್ಟ ಹಾಗಿತ್ತು. ಆದರೂ ಅವಳು ದಾರಿ ಬಿಡದೆ ಹೋದಳು. ಆರನೆಯ ವಾರ ಹಿಂದಿನ ಬಲಗಾಲಿನ ಲಾಳ ತೆಗೆದಾಗ ಡಿನ್ನಿ ಅದನ್ನು ನನ್ನ ಕೈಗೆ ಕೊಟ್ಟ. ಸುತ್ತಲೂ ಒಂದೇ ಸಮ ಇತ್ತು.

ಆ ಏಳು ವಾರ ನಾನು ಅವಳನ್ನು ಹತ್ತಲಿಲ್ಲ, ಮತ್ತೆ ಕೆಡಿಸಿಬಿಟ್ಟೇನೆಂದು ಹೆದರಿಕೆ. ಆದರೆ ಡಬ್ಲಿನ್‌ನಲ್ಲಿ ಹತ್ತುವವಳು ನಾನೇ ಎಂದು ಮೊದಲಿನಿಂದಲೂ ಮಾತಾಗಿತ್ತು. ಮಿಸೆಸ್ ಓಡೆಲ್ ಅವರ ಮಂಡಿಗೆ ಅಷ್ಟು ಜನರೆದುರಿನ ಕೆಲಸ ಬೇಡ, ಮೇಲಾಗಿ ಕುದುರೆಯನ್ನು ಸಾಕಿದವಳು ನಾನು. ಹಳೆಯ ತಟ್ಟು ಕುದುರೆಯೊಂದರ ಮೇಲೆ ಎರಡೂ ರಿಕಾಪು ಸಮ ಮಾಡಿಕೊಂಡು ದಿನಾ ನೆಟ್ಟಗೆ ಕೂರುವುದನ್ನು ಅಭ್ಯಾಸ ಮಾಡಿದೆ. ನೋವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಸಾಧಿಸಿದ್ದೇನೆ ಎಂದೇ ನಂಬಿದ್ದೆ.

ಡಬ್ಲಿನ್‌ನಲ್ಲಿ, ಕರೆ ಬರುವುದಕ್ಕೆ ಅರ್ಧ ಗಂಟೆ ಇರುವಾಗ ಅಭ್ಯಾಸದ ಅಂಗಳದಲ್ಲಿ ಹತ್ತಿದೆ. ಪಿಲಿಬೀನ್ ನಾಲ್ಕು ಹೆಜ್ಜೆ ಹೋಗಿ ತಡವರಿಸಿದಳು. ಬಲಕ್ಕೆ ಸರಿದಳು, ಎಡಕ್ಕೆ ಸರಿದಳು, ಬಾಯಿ ಬಿಗಿದಳು. ನಾನು ಉಸಿರು ಹಿಡಿದು ನೆಟ್ಟಗೆ ಕೂತೆ. ನೆಟ್ಟಗೆಂದು ನಾನು ಅಂದುಕೊಂಡದ್ದು, ಅವಳ ಬೆನ್ನಿಗೆ ಹಾಗೆ ಅನಿಸಲಿಲ್ಲ. ನಾನು ಸಾಕಿದ ಕುದುರೆಗೆ ನಾನೇ ಅರ್ಥವಾಗಲಿಲ್ಲ.

ಹಳೆಯ ದಾರಿ ನನಗೆ ಗೊತ್ತಿತ್ತು. ಎಡಗಡೆಯ ಪಟ್ಟಿ ಎರಡು ತೂತು ಮೇಲೆ ಹಾಕಿ, ಹತ್ತು ನಿಮಿಷ ಬಿಗಿಯಾಗಿ ಓಡಿಸಿದರೆ ಅವಳಿಗೆ ನನ್ನ ನೆನಪು ಬರುತ್ತಿತ್ತು. ನನ್ನ ಕೆಳಗೆ ಮತ್ತೆ ಬೆಣ್ಣೆಯಂತೆ ಹೋಗುತ್ತಿದ್ದಳು. ಡಬ್ಲಿನ್‌ನ ಜನ ಬಾಯಿ ಬಿಟ್ಟು ನೋಡುತ್ತಿದ್ದರು. ಆಮೇಲೆ ತೀರ್ಪುಗಾರರು ಹತ್ತುತ್ತಿದ್ದರು, ಅವಳು ಮತ್ತೆ ವಾಲುತ್ತಿದ್ದಳು. ನನ್ನ ಕೈ ಪಟ್ಟಿಯ ಬಕಲಿನವರೆಗೆ ಹೋಯಿತು, ಸುಳ್ಳು ಹೇಳುವುದಿಲ್ಲ. ಅಲ್ಲಿಂದ ಕೈ ತೆಗೆದು ಇಳಿದೆ. ಸುತ್ತ ಇದ್ದ ಹದಿನೇಳು ಕುದುರೆಗಳ ಸವಾರರು ನೋಡಿದರು. ಅರ್ಧಕ್ಕರ್ಧ ಜನ ಎಂದೋ ನನ್ನ ಬಾಯಿಗೆ ಸಿಕ್ಕವರೇ.

ಮಿಸೆಸ್ ಓಡೆಲ್ ಹೂವಿನ ಸ್ಕರ್ಟು, ಗರಿಯ ಟೋಪಿಯಲ್ಲಿ ಬೇಲಿಗೆ ಒರಗಿ ನಿಂತಿದ್ದರು. "ನೀವೇ ಹತ್ತಬೇಕು," ಎಂದೆ. ಅವರು ನನ್ನ ಮುಖ ನೋಡಿ ಟೋಪಿ ತೆಗೆದರು. ಕುದುರೆ ಸಾಗಿಸುವ ಲಾರಿಯೊಳಗೆ ಇಬ್ಬರೂ ಬಟ್ಟೆ ಬದಲಿಸಿಕೊಂಡೆವು. ನನ್ನ ಪ್ಯಾಂಟು ಅವರಿಗೆ ಗಿಡ್ಡ, ಬೂಟು ಬಿಗಿ. ಅವರ ಸ್ಕರ್ಟು ನನಗೆ ದೊಗಳೆ, ಪಿನ್ನು ಹಾಕಿ ನಿಲ್ಲಿಸಿದೆ.  

ಅವರ ಸವಾರಿ ಹೇಳಿಕೊಳ್ಳುವಂತೇನೂ ಇರಲಿಲ್ಲ. ಒಂದು ತಿರುವಿನಲ್ಲಿ ರಿಕಾಪು ಕಾಲಿನಿಂದ ಜಾರಿಹೋಯಿತು. ಆಮೇಲೆ ಸಾಲಾಗಿ ನಿಂತರು. ತೀರ್ಪುಗಾರ್ತಿ ಯಾರ್ಕ್‌ಶೈರಿನ ಭಾರೀ ಹೆಂಗಸು, ಒಂದೊಂದೇ ಹತ್ತಿ ಇಳಿಯುತ್ತ ಪಿಲಿಬೀನ್ ಹತ್ತಿರ ಬಂದಳು. ನಾನು ಬೇಲಿಯ ಕಂಬ ಹಿಡಿದು ನಿಂತೆ. ನನ್ನ ಮನೆ, ಕಿಟಕಿ, ಕೆಳಗಿನ ಕುದುರೆಗಳು ಎಲ್ಲ ಆ ಹೆಂಗಸಿನ ಕೈಯಲ್ಲಿದ್ದವು. ಆದರೆ ದೇವರಾಣೆ, ಆ ಹೊತ್ತಿನಲ್ಲಿ ನಾನು ಬೇಡಿಕೊಂಡದ್ದು ಅದನ್ನಲ್ಲ. ಪಿಲಿಬೀನ್‌ಗೆ ಗೊಂದಲವಾಗದಿರಲಿ, ಅವಳನ್ನು ಯಾರೂ ಬೈಯದಿರಲಿ ಎಂದು ಬೇಡಿಕೊಂಡೆ.

ಪಿಲಿಬೀನ್ ಹೊರಟಳು. ಮೊದಲು ನಡಿಗೆ, ಆಮೇಲೆ ಸಣ್ಣ ಓಟ. ಉದ್ದದ ಬದಿಯಲ್ಲಿ ನಾಗಾಲೋಟಕ್ಕೆ ಬಿಟ್ಟಾಗ ನಾನು ನಿಂತಲ್ಲಿಗೇ ಎದುರು ಬಂದಳು. ಎರಡು ಕಿವಿ, ಹಣೆಯ ಬಿಳಿ, ಮುಂಗಾಲು, ಹಿಂಗಾಲು, ಎಲ್ಲ ಒಂದೇ ಗೆರೆ. ಎಲ್ಲೂ ವಾಲಲಿಲ್ಲ. ತೀರ್ಪುಗಾರ್ತಿ ನಿಲ್ಲಿಸಿ, ಅವಳ ಕುತ್ತಿಗೆ ತಟ್ಟಿ, ಇಳಿದಳು. ಹದಿನೆಂಟರಲ್ಲಿ ನಾಲ್ಕನೆಯ ಸ್ಥಾನ ಕೊಟ್ಟಳು. ರಿಬ್ಬನ್ ಕಟ್ಟುವಾಗ, ಇದು ಯಾರು ಕೂತರೂ ನಡೆಯುವ ಕುದುರೆ, ಪಳಗಿಸಿದವರು ಯಾರು ಎಂದು ಕೇಳಿದಳಂತೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮಿಸೆಸ್ ಓಡೆಲ್ ಕೈ ಚಾಚಿ ಬೇಲಿಯ ಕಡೆ ತೋರಿಸಿದರು.

ಲಾರಿಯ ಹತ್ತಿರ ಬಂದ ಮೇಲೆ ನಾನು ಪಿಲಿಬೀನ್‌ಳ ಜೂಲಿನಲ್ಲಿ ಮುಖವಿಟ್ಟು ಅತ್ತೆ. ಸಂತೋಷಕ್ಕೂ ಅತ್ತೆ. ಆದರೆ ಯಾರು ಕೂತರೂ ನಡೆಯುವ ಆ ಕುದುರೆ ನಾನು ಕೂತರೆ ಮಾತ್ರ ನಡೆಯುವುದಿಲ್ಲ ಎಂಬುದಕ್ಕೇ ಹೆಚ್ಚು ಅತ್ತೆ. ಮಿಸೆಸ್ ಓಡೆಲ್ ಲಾರಿಯ ಮೆಟ್ಟಿಲ ಮೇಲೆ ಕೂತು ನನ್ನ ಬೂಟುಗಳನ್ನು ಕಿತ್ತುಹಾಕಿ ಪಾದ ಒತ್ತಿಕೊಳ್ಳುತ್ತಿದ್ದರು. 

"ಲಾಯ ಮುಚ್ಚಲ್ಲ," ಎಂದರು. "ಸೋಮವಾರ ಏಳಕ್ಕೆ ಬರ್ತೀನಿ. ಹತ್ತೋದು ನಾನು, ಇಲ್ಲಾ ನೀನು ಹುಡುಕಿ ತಂದೋರು. ನೀನು ನೆಲದ ಮೇಲೆ ನಿಂತು ಕಲಿಸಬೇಕು. ಆಗುತ್ತಾ?"

ಮೊದಲ ಸಲ ಅಪ್ಪ ನನ್ನನ್ನು ಕುದುರೆಯ ಮೇಲೆ ಎತ್ತಿ ಕೂರಿಸಿದಾಗ ನನಗೆ ನಾಲ್ಕು ವರ್ಷ. ಈಗ ಐವತ್ತಾರು.

ಆಗುತ್ತೆ ಎಂದೆ. ಪಿಲಿಬೀನ್ ಬೆವರಿ ಒದ್ದೆಯಾಗಿದ್ದಳು, ಅವಳಿಗೆ ನೀರು ತರಲು ಬಕೆಟ್ ಎತ್ತಿಕೊಂಡು ಹೊರಟೆ.